ತಾಂಡಾದಲ್ಲಿ ನಡೆದ ಡೆಮೊ

ಯಾದಗಿರಿಯಲ್ಲಿ ನಮ್ಮದು ಏಳು ಜನರ ಸಣ್ಣ ಸಂಸ್ಥೆ. ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುತ್ತೇವೆ. ಅಪ್ಪ-ಅವ್ವ ಬೆಂಗಳೂರಿಗೋ ಪುಣೆಗೋ ಹೊರಟರೆ ಮಗು ಎಲ್ಲಿದೆ, ಯಾವಾಗ ಮರಳಿತು ಎಂಬ ಲೆಕ್ಕ ಬೇಕು. ಅದಕ್ಕೆಂದು ಒಂದು ಕಂಪನಿಯಿಂದ ಆ್ಯಪ್ ಮಾಡಿಸಿದ್ದೆವು. ಎರಡು ವರ್ಷಕ್ಕೆ ನಿರ್ವಹಣೆಯ ಶುಲ್ಕ ದುಪ್ಪಟ್ಟಾಯಿತು. ಸಾಕು ಎಂದಾಗ ಗೊತ್ತಾಯಿತು, ಡೊಮೇನ್ (ಜಾಲತಾಣದ ವಿಳಾಸ) ಅವರ ಹೆಸರಲ್ಲಿದೆ, ಸರ್ವರ್ ಪಾಸ್‌ವರ್ಡೂ ಅವರ ಹತ್ತಿರವೇ. ನಮ್ಮ ಮಕ್ಕಳ ಪಟ್ಟಿ ನಮಗೆ ಸಿಕ್ಕಿದ್ದು ಪಿಡಿಎಫ್‌ನಲ್ಲಿ! ಅದನ್ನು ಎಕ್ಸೆಲ್‌ಗೆ ಟೈಪ್ ಮಾಡಲು ಇಬ್ಬರು ಒಂದು ತಿಂಗಳು ಕೂತರು. ಕರಾರು ಪತ್ರವನ್ನು ಓದದೆ ಸಹಿ ಹಾಕಿದವನು ನಾನೇ.

ಎರಡನೇ ಸಲ ಆ್ಯಪ್ ಮಾಡುವ ಮೂವರನ್ನು ಕರೆದೆ. ಕೊಟೇಶನ್ ಮಾತು ಆಮೇಲೆ, ಮೊದಲು ಹುಣಸಗಿ ಕಡೆಯ ಒಂದು ತಾಂಡಾಕ್ಕೆ ಬನ್ನಿ ಅಂದೆ. ಒಬ್ಬರು “ಗೂಗಲ್ ಮೀಟ್‌ನಲ್ಲೇ ತೋರಿಸ್ತೀವಿ ಸರ್” ಅಂದರು. ಇಬ್ಬರು ಉಳಿದರು.

ನಮ್ಮ ಕಾರ್ಯಕರ್ತೆಯ ಹಳೇ ಫೋನು, ಸಿಗ್ನಲ್ ಇಲ್ಲದ ಜಾಗ. ಹತ್ತು ಮಕ್ಕಳ ವಿವರ ಕನ್ನಡದಲ್ಲಿ ತುಂಬಬೇಕು, ಸಂಜೆ ಯಾದಗಿರಿಗೆ ಮರಳಿ ಅದನ್ನೆಲ್ಲ ಎಕ್ಸೆಲ್‌ಗೆ ಇಳಿಸಿ ಕೊಡಬೇಕು. ಇಷ್ಟೇ ಪರೀಕ್ಷೆ. ಮೊದಲನೆಯವರ ಆ್ಯಪ್ ನೋಡಲು ಬಲು ಚೆಂದ. ತೆರೆದ ಕೂಡಲೇ ಬಿಳಿ ಚಕ್ರವೊಂದು ತಿರುಗತೊಡಗಿತು. ಐದು ನಿಮಿಷ ಕಾದ ನಮ್ಮ ಕಾರ್ಯಕರ್ತೆ, “ಸರ್, ಅದು ತಿರಗಲಿ ಬಿಡ್ರಿ, ನಾ ವಹಿಯಾಗ ಬರಕೋತೀನಿ” ಅಂದರು.

ಇನ್ನೊಬ್ಬ ಕಲಬುರಗಿಯ ಹುಡುಗ, ಗೆಳೆಯನ ಜೊತೆ ಇಬ್ಬರದೇ ಕಂಪನಿ. “ನಿಮಗ ಹೊಸ ಆ್ಯಪ್ ಯಾಕ ಬೇಕ್ರಿ ಸರ್? ಕೋಬೊ ಟೂಲ್‌ಬಾಕ್ಸ್ ಸಾಕಾಗ್ತದ” ಅಂದ. ಅದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ನೆಟ್ ಇಲ್ಲದೆ ಫಾರಂ ತುಂಬಬಹುದು, ಸಿಗ್ನಲ್ ಬಂದಾಗ ಕಳಿಸಬಹುದು. ಪ್ರಶ್ನೆಗಳನ್ನು ಕನ್ನಡದಲ್ಲೇ ಇಡಬಹುದು. ಆ್ಯಪ್ ಮಾಡಿಕೊಟ್ಟಿದ್ದರೆ ಅವನಿಗೆ ಬರುತ್ತಿದ್ದ ದುಡ್ಡು ದೊಡ್ಡದಿತ್ತು. ಅದನ್ನು ಅವನೇ ಬಿಟ್ಟಿದ್ದ.

ಅವನೂ ಒಂದು ಕಡೆ ಸಿಕ್ಕಿಬಿದ್ದ. ನಮ್ಮ ಹಳೇ ಪಟ್ಟಿಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನವು, ಅವನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. “ಇದು ನನಗ ಗೊತ್ತಿಲ್ರಿ, ಮೂರು ದಿನ ಕೊಡ್ರಿ” ಅಂದ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಮೊದಲು 50 ಹೆಸರು ಮಾತ್ರ ಕಳಿಸಿದ. ಶಾಲೆಯ ಹಾಜರಿಯೊಂದಿಗೆ ತಾಳೆ ನೋಡಿದರೆ ಒತ್ತಕ್ಷರ ತಪ್ಪಿದ ಹೆಸರು ನಾಲ್ಕು. ತಿದ್ದಿದ ಮೇಲೆಯೇ ಉಳಿದವುಗಳಿಗೆ ಕೈಹಾಕಿದ.

ಕರಾರನ್ನು ಈ ಸಲ ಸಾಲು ಸಾಲಾಗಿ ಓದಿದೆ. ಡೊಮೇನ್, ಖಾತೆ ಎರಡೂ ಸಂಸ್ಥೆಯ ಹೆಸರಲ್ಲಿ. ಬಿಡುವುದಾದರೆ 30 ದಿನದ ನೋಟಿಸು, ಡೇಟಾ ಪೂರ್ತಿ ವಾಪಸು. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆ ಫಾರಂನ ಮೊದಲಲ್ಲೇ ಸೇರಿತು.

ನಮ್ಮ ಖಜಾಂಚಿಗಳಿಗೆ ಮಾತ್ರ ಸಮಾಧಾನವಿಲ್ಲ. “ಇಬ್ಬರ ಕಂಪನಿ, ನಾಳೆ ಮುಚ್ಚಿದ್ರ?” ಎಂದು ಈಗಲೂ ಕೇಳುತ್ತಾರೆ. ಅದಕ್ಕೇ ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲವನ್ನೂ ಪಾಸ್‌ವರ್ಡ್ ಹಾಕಿದ ಹಾರ್ಡ್ ಡಿಸ್ಕಿಗೆ ಇಳಿಸುತ್ತೇವೆ. ಡಿಸ್ಕು ಇರುವುದು ಅವರದೇ ಅಲಮಾರಿಯಲ್ಲಿ.