ಪೆನ್ಸಿಲ್ ಆಮೇಲೆ, ಮೊದಲು ಬೆರಳು

ಸೋಮವಾರಪೇಟೆ ಕಡೆಯ ಅಂಗನವಾಡಿಯಲ್ಲಿ ನಾನು ಟೀಚರ್. "ಮಗು ಪೆನ್ಸಿಲ್ಲೇ ಹಿಡಿಯಲ್ಲ ಟೀಚರೇ" ಅಂತ ಬರುವ ಅಮ್ಮಂದಿರಿಗೆ ನಾನು ಹೇಳುವುದು ಒಂದೇ: ಸದ್ಯಕ್ಕೆ ಪೆನ್ಸಿಲ್ ಎತ್ತಿಡಿ.

ಮೊದಲು ಬೆರಳಿಗೆ ಬಲ ಬರಬೇಕು. ಕಡಂಬುಟ್ಟು (ನಮ್ಮ ಕೊಡಗಿನ ಅಕ್ಕಿ ಕಡುಬು) ಮಾಡುವಾಗ ಆರಿದ ಹಿಟ್ಟು ಸ್ವಲ್ಪ ಕೊಡಿ, ಉಂಡೆ ಕಟ್ಟಲಿ. ಒಣಗಿದ ಕಾಫಿ ಬೀಜವನ್ನು ಹೆಬ್ಬೆರಳು, ತೋರುಬೆರಳಲ್ಲಿ ಒಂದೊಂದೇ ಎತ್ತಿ ಲೋಟಕ್ಕೆ ಹಾಕಲಿ. ನೀವು ಪಕ್ಕದಲ್ಲೇ ಕೂತಿರಿ, ಬಾಯಿಗೋ ಮೂಗಿಗೋ ಹಾಕಿಕೊಳ್ಳಲು ಕ್ಷಣ ಸಾಕು. ಮಳೆಗಾಲದಲ್ಲಿ ಬಟ್ಟೆ ಒಳಗೇ ಒಣಗಿಸ್ತೀವಲ್ಲ, ಆ ಕ್ಲಿಪ್ ಹಾಕುವ ಕೆಲಸವನ್ನೂ ಮಗುವಿಗೇ ಬಿಡಿ.

ಆಮೇಲೆ ಬಳಪ. ಉದ್ದದ್ದು ಬೇಡ, ಒಂದಿಂಚಿನ ತುಂಡು ಸಾಕು. ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರಲ್ಲ, ಬೆರಳ ತುದಿಗಳು ತಾವಾಗೇ ಸೇರುತ್ತವೆ. ಸ್ಲೇಟನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಗೋಡೆಗೆ ಆನಿಸಿಡಿ. ನಿಂತು ಗೀಚಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಭುಜಕ್ಕೂ ಕೆಲಸ ಸಿಗುತ್ತದೆ.

ಅಕ್ಷರಕ್ಕೆ ಆತುರ ಬೇಡ. ಮೊದಲು ಉದ್ದ ಗೆರೆ, ಅಡ್ಡ ಗೆರೆ. ಸುಮಾರು 3 ವರ್ಷಕ್ಕೆ ಸೊನ್ನೆ, 4ರ ಹೊತ್ತಿಗೆ ಕೂಡಿಸುವ ಗುರುತು. ಚೌಕ, ತ್ರಿಕೋನ ಇನ್ನೂ ತಡ. ಸೊನ್ನೆ ಬಂದರೆ ಠ, ರ ಸುಲಭ. 'ಅ'ದಿಂದಲೇ ಶುರು ಮಾಡಬೇಕು ಅನ್ನುವ ಹಟ ಯಾಕೆ? ಅದರ ಸುತ್ತು ಜಾಸ್ತಿ ಅಲ್ವಾ?

ಎಡಗೈಯಲ್ಲಿ ಬರೆದರೆ ಸುಮ್ನೆ ಬಿಡಿ. ಗೀಚೋ ಅಭ್ಯಾಸ ದಿನಕ್ಕೆ ಐದು ನಿಮಿಷ ಧಾರಾಳ. 5 ವರ್ಷ ದಾಟಿದರೂ ಚಮಚ ಹಿಡಿಯಲು, ಗುಂಡಿ ಹಾಕಲು ಒದ್ದಾಡಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಆಕ್ಯುಪೇಷನಲ್ ಥೆರಪಿ (ಇಂಥ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸೆ) ಬೇಕಾ ಅಂತ ಕೇಳಿ.