ಯೂನಿವರ್ಸಿಟಿಯವ್ರು ಜನರ ಜೊತೆ ಸೇರಿ ಸುಸ್ಥಿರ ಅಭಿವೃದ್ಧಿ ಕೆಲ್ಸ ಮಾಡೋದು ಹೇಗೆ

ಇಂಥ ಪ್ರಾಜೆಕ್ಟ್ ಸಿಕ್ಕ ತಕ್ಷಣ ಎಲ್ಲ ಡಿಪಾರ್ಟ್‌ಮೆಂಟಲ್ಲೂ ಮೊದ್ಲು ಆಗೋ ಕೆಲ್ಸ ಅಂದ್ರೆ ಸರ್ವೆ ಫಾರ್ಮ್ ರೆಡಿ ಮಾಡೋದು. ದಯವಿಟ್ಟು ಅದನ್ನ ಆಮೇಲೆ ಮಾಡಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಕೊಂಡ ಸುಸ್ಥಿರ ಅಭಿವೃದ್ಧಿಯ 17 ಗುರಿಗಳ ಲಿಸ್ಟ್ ಕೈಲಿಟ್ಕೊಂಡು ಈ ಊರಿನವ್ರಿಗೆ ಯಾವ್ದು ಹೊಂದತ್ತೆ ಅಂತ ಹುಡುಕಿದ್ರೆ ಗ್ರಾಂಟ್ ಅರ್ಜಿ ಚೆನ್ನಾಗಿ ಬರತ್ತೆ, ಆದ್ರೆ ಅಲ್ಲಿನ ಜನರ ನಿದ್ದೆ ಕೆಡಿಸ್ತಿರೋ ವಿಷಯ ಬೇರೆನೇ ಇರ್ಬಹುದು.

ಮೊದಲ ಕೆಲವು ಸಲ ಬರಿಗೈಲಿ ಹೋಗಿ. ನಿಮಗಿಂತ ಮುಂಚೆ ಯಾರ್ಯಾರು ಬಂದಿದ್ರು, ಏನ್ ಮಾಡ್ತೀವಿ ಅಂದಿದ್ರು, ಯಾವ್ದು ಅರ್ಧಕ್ಕೇ ನಿಂತೋಯ್ತು, ಇವನ್ನ ಕೇಳಿ. ಬರೀ ಮುಖಂಡರನ್ನ ಭೇಟಿಯಾಗಿ ಬಂದ್ರೆ ಮುಖಂಡರ ಸಮಸ್ಯೆ ಮಾತ್ರ ಗೊತ್ತಾಗತ್ತೆ. ಬಾಡಿಗೆಗಿರೋರು, ಕೂಲಿ ಮುಗಿಸಿ ಕತ್ತಲಾದ್ಮೇಲೆ ಮನೆಗೆ ಬರೋರು, ಮೀಟಿಂಗಲ್ಲಿ ಹಿಂದೆ ಕೂತು ಬಾಯಿ ಬಿಡದ ಹೆಂಗಸರು, ಇವ್ರಿಗೆಲ್ಲ ಯಾವ ಹೊತ್ತು ಆಗತ್ತೋ ಆ ಹೊತ್ತಿಗೇ ನೀವು ಹೋಗ್ಬೇಕು.

ನಕ್ಷೆ ಬರೆಸೋದು ಒಳ್ಳೆ ವಿಧಾನ. ನೆಲದ ಮೇಲೆ ಸೀಮೆಸುಣ್ಣ, ಕಲ್ಲು, ಕಡ್ಡಿ ಇಟ್ಟು ನೀರು ಎಲ್ಲಿಂದ ಬರತ್ತೆ, ಕಸ ಎಲ್ಲಿಗೆ ಹೋಗತ್ತೆ, ಮಳೆ ಬಂದ್ರೆ ಎಲ್ಲಿ ನಿಲ್ಲತ್ತೆ ಅಂತ ಅವ್ರೇ ತೋರಿಸ್ಲಿ, ನೀವು ಕಡ್ಡಿ ಮುಟ್ಬೇಡಿ. ಹೆಂಗಸರ ಗುಂಪು ಗಂಡಸರ ಗುಂಪು ಬೇರೆಬೇರೆ ಬರೆದ್ರೆ ಎರಡು ನಕ್ಷೆನೂ ಒಂದೇ ಥರ ಇರಲ್ಲ, ಒಬ್ರು ಗುರುತು ಹಾಕಿರೋ ಜಾಗ ಇನ್ನೊಬ್ಬರದ್ರಲ್ಲಿ ಇರೋದೇ ಇಲ್ಲ. ಮಾತು ಶುರು ಮಾಡ್ಬೇಕಾಗಿರೋದು ಅಲ್ಲಿಂದ್ಲೇ.

ಪ್ರಶ್ನೆ ಜನರದ್ದಾದ್ರೆ ಏನಾಗತ್ತೆ ಅನ್ನೋಕೆ ಅಮೆರಿಕದ ಫ್ಲಿಂಟ್ ಊರು ನೋಡಿ. 2014ರಲ್ಲಿ ಅಲ್ಲಿ ನೀರಿನ ಮೂಲ ಬದ್ಲಾಯಿಸಿ ನದಿ ನೀರು ಬಿಟ್ರು, ಪೈಪು ಸವೆಯದ ಹಾಗೆ ಹಾಕ್ಬೇಕಾದ ರಾಸಾಯನಿಕ ಹಾಕ್ಲಿಲ್ಲ, ಪೈಪಿನ ಸೀಸ ನೀರಿಗೆ ಇಳೀತು. ಜನ ನೀರು ಸರಿ ಇಲ್ಲ ಅಂತಿದ್ರು, ಅಧಿಕಾರಿಗಳು ಏನೂ ತೊಂದ್ರೆ ಇಲ್ಲ ಅಂತಿದ್ರು. 2015ರಲ್ಲಿ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯವ್ರು ನೀರಿನ ಸ್ಯಾಂಪಲ್ ಹಿಡಿಯೋ ಸುಮಾರು 300 ಕಿಟ್ ಕಳಿಸಿದ್ರು, ಊರಿನವ್ರೇ ಮನೆಮನೆಗೆ ಹಂಚಿ, ಹೇಗೆ ಹಿಡೀಬೇಕು ಅಂತ ಹೇಳ್ಕೊಟ್ಟು, 250ಕ್ಕೂ ಹೆಚ್ಚು ಕಿಟ್ ತುಂಬಿಸಿ ವಾಪಸ್ ಕಳಿಸಿದ್ರು. ಗಂಟೆಗಟ್ಲೆ ನಲ್ಲಿ ತಿರುಗಿಸದೆ ಬಿಟ್ಟು ಮೊದ್ಲು ಬರೋ ನೀರೊಂದು ಬಾಟ್ಲಿ, ಸ್ವಲ್ಪ ಹೊತ್ತು ಹರಿಸಿ ಇನ್ನೊಂದು, ಇನ್ನೂ ಹರಿಸಿ ಮತ್ತೊಂದು. ಯಾಕಂದ್ರೆ ಸೀಸ ಮನೆಯೊಳಗಿನ ಪೈಪಿಂದ ಬರ್ತಿದ್ಯೋ ರಸ್ತೆ ಕಡೆ ಪೈಪಿಂದ್ಲೋ ಅನ್ನೋ ಸುಳಿವು ಆ ವ್ಯತ್ಯಾಸದಲ್ಲೇ ಸಿಗೋದು. ಅದೇ ವರ್ಷ ಅಕ್ಟೋಬರಲ್ಲಿ ನೀರಿನ ಮೂಲ ವಾಪಸ್ ಬದ್ಲಾಯ್ತು. ಲ್ಯಾಬ್ ಇದ್ದಿದ್ದು ಯೂನಿವರ್ಸಿಟಿ ಹತ್ರ, ಯಾವ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಿದ್ದಿದ್ದು ಊರಿನವ್ರಿಗೆ. ನೀವೂ ಕೆಲ್ಸನ ಹಾಗೇ ಹಂಚ್ಕೊಳ್ಳಿ, ಜನರನ್ನ ಬರೀ ಸ್ಯಾಂಪಲ್ ಹಿಡಿಯೋಕೆ ಇಟ್ಕೋಬೇಡಿ, ಎಲ್ಲೆಲ್ಲಿ ಹಿಡೀಬೇಕು ಅನ್ನೋದನ್ನೂ ಅವ್ರ ಜೊತೆನೇ ಕೂತು ತೀರ್ಮಾನ ಮಾಡಿ.

ಕೆಲ್ಸ ಶುರು ಆಗೋ ಮುಂಚೆ ಒಪ್ಪಂದ ಬರ್ಕೊಳ್ಳಿ, ಅವ್ರ ಭಾಷೇಲಿ, ಒಂದೆರಡು ಪುಟ ಸಾಕು. ಡೇಟಾ ಯಾರದ್ದು, ಫೋಟೋ ಯಾರು ಎಲ್ಲಿ ಹಾಕ್ಬಹುದು, ಅವ್ರ ಸಮಯಕ್ಕೆ ದುಡ್ಡು ಎಷ್ಟು (ನಿಮಗೆ ಸಂಬಳ ಬರತ್ತೆ, ಅವ್ರು ಒಂದು ದಿನದ ದುಡಿಮೆ ಬಿಟ್ಟು ಬಂದಿರ್ತಾರೆ), ಸಂಶೋಧನಾ ಪೇಪರಲ್ಲಿ ಯಾರ ಹೆಸ್ರು, ಬೇಡ ಅನ್ಸಿದ್ರೆ ಅವ್ರು ಹೇಗೆ ನಿಲ್ಲಿಸ್ಬಹುದು. ಇದಕ್ಕೆ ಮಾದರಿ ಬೇಕಾದ್ರೆ ದಕ್ಷಿಣ ಆಫ್ರಿಕಾದ ಸ್ಯಾನ್ ಅನ್ನೋ ಮೂಲನಿವಾಸಿ ಸಮುದಾಯ 2017ರಲ್ಲಿ ತಮ್ಮದೇ ನೀತಿಸಂಹಿತೆ ಹೊರಡಿಸಿದೆ, ಸಂಶೋಧಕರು ನಮ್ಮ ಹತ್ರ ಬರೋದಾದ್ರೆ ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇರ್ಬೇಕು, ನಾವು ಹೇಳಿದ ಕ್ರಮದಲ್ಲೇ ಬರ್ಬೇಕು ಅಂತ. ಎಲ್ಲ ಪ್ರೊಫೆಸರ್‌ಗಳೂ ಒಂದ್ಸಲ ಅದನ್ನ ಓದ್ಬೇಕು ಅನ್ನೋದು ನನ್ನ ಆಸೆ.

ಇನ್ನು ಸೆಮಿಸ್ಟರ್ ಕಾಟ. ಪರೀಕ್ಷೆ ಬಂತು ಅಂತ ಹುಡುಗ್ರು ಹೊರಟ್ಹೋಗ್ತಾರೆ, ಮುಂದಿನ ಬ್ಯಾಚು ಬಂದು ಅದೇ ಪ್ರಶ್ನೆ ಕೇಳತ್ತೆ, ಜನಕ್ಕೆ ರೋಸಿಹೋಗತ್ತೆ. ಅದಕ್ಕೇ ಫೋನ್ ಎತ್ತೋಕೆ ವರ್ಷಪೂರ್ತಿ ಒಬ್ಬ ಖಾಯಂ ಸಿಬ್ಬಂದಿ ಇರ್ಲೇಬೇಕು, ಹಳೇ ಬ್ಯಾಚು ಹೊಸ ಬ್ಯಾಚನ್ನ ಕರ್ಕೊಂಡ್ಹೋಗಿ ಪರಿಚಯ ಮಾಡಿಸ್ಬೇಕು. ನೆದರ್‌ಲ್ಯಾಂಡ್ಸಲ್ಲಿ 1970ರ ದಶಕದಲ್ಲಿ ಶುರುವಾದ ಸೈನ್ಸ್ ಶಾಪ್ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರತ್ತೆ: ಜನರ ಸಂಘಗಳು ಪ್ರಶ್ನೆ ತಗೊಂಡ್ಬರ್ತವೆ, ವಿದ್ಯಾರ್ಥಿಗಳು ಮೇಷ್ಟ್ರ ಮಾರ್ಗದರ್ಶನದಲ್ಲಿ ಅದನ್ನೇ ಕೋರ್ಸಿನ ಕೆಲ್ಸವಾಗಿ ಮಾಡ್ತಾರೆ, ಮಾರ್ಕ್ಸೂ ಸಿಗತ್ತೆ. ಮೇಷ್ಟ್ರುಗಳ ಪ್ರಮೋಷನ್‌ಗೂ ಈ ಕೆಲ್ಸ ಲೆಕ್ಕಕ್ಕೆ ಬರ್ಬೇಕು, ಇಲ್ದಿದ್ರೆ ಆಸಕ್ತಿ ಇರೋ ಒಬ್ರು ರಿಟೈರ್ ಆದ ದಿನ ಎಲ್ಲ ನಿಂತೋಗತ್ತೆ.

ಫಲಿತಾಂಶ ಬಂದ್ರೆ ಜರ್ನಲ್‌ಗಿಂತ ಮುಂಚೆ ಜನಕ್ಕೆ ಹೇಳಿ. ಪಿಡಿಎಫ್ ಕಳಿಸಿ ಕೈ ತೊಳ್ಕೋಬೇಡಿ, ಎದುರು ಕೂತು, ನಿಮ್ಮ ಮನೆ ನೀರಲ್ಲಿ ಇಷ್ಟಿದೆ, ಇವತ್ತಿಂದ ಹೀಗ್ ಮಾಡಿ ಅಂತ ಹೇಳಿ, ಕೆಟ್ಟ ಸುದ್ದಿ ಆದ್ರೆ ಮುಂದೆ ಯಾವ ಆಫೀಸಿಗೆ ಅರ್ಜಿ ಹಾಕ್ಬೇಕು ಅನ್ನೋದನ್ನೂ ತಯಾರಿ ಮಾಡ್ಕೊಂಡೇ ಹೋಗಿ.

ಫಿಲ್ಟರೋ ಸೋಲಾರ್ ಪಂಪೋ ಕೂರಿಸೋದಾದ್ರೆ ಕೆಟ್ಟಾಗ ರಿಪೇರಿ ಯಾರು ಮಾಡ್ತಾರೆ, ಪಾರ್ಟ್ ಎಲ್ಲಿ ಸಿಗತ್ತೆ, ದುಡ್ಡು ಯಾವ ಖಾತೆಯಿಂದ ಅನ್ನೋದು ಕೂರಿಸೋ ಮುಂಚೆನೇ ಬಗೆಹರೀಬೇಕು. ಊರಿನ ಇಬ್ಬರ ಕೈಲಿ ಅದನ್ನ ಪೂರ್ತಿ ಬಿಚ್ಚಿಸಿ ಮತ್ತೆ ಜೋಡಿಸಿ ನೋಡಿ, ಅವ್ರಿಗೆ ಬರತ್ತೆ ಅಂತಾದ್ಮೇಲೇನೇ ಉದ್ಘಾಟನೆ ಇಟ್ಕೊಳ್ಳಿ.