ಶೆಡ್ಡಿಗೆ ಎಷ್ಟಾಗುತ್ತೆ? ಪಾಯ ತೆಗೆಯುವ ಮೊದಲೇ ಲೆಕ್ಕ ಹಾಕಿ

ಅಡಿಕೆ ಸುಲಿಯಲು ಒಂದು ಶೆಡ್ ಬೇಕು, ಎಷ್ಟಾಗಬಹುದು ಅಂತ ಮೇಸ್ತ್ರಿಯನ್ನು ಕೇಳಿ. ಅಂಗಳದಲ್ಲಿ ನಿಂತು ಆಕಡೆ ಈಕಡೆ ನೋಡಿ, "ನಾಲ್ಕು, ನಾಲ್ಕೂವರೆ ಆಗ್ಬಹುದು ಗೌಡ್ರೇ" ಅನ್ನುತ್ತಾರೆ. ನಮ್ಮ ಕಿವಿಗೆ ಬೀಳುವುದು ನಾಲ್ಕು ಮಾತ್ರ. ಕೊನೆಗೆ ಆಗುವುದು ಆರು. ಆಮೇಲೆ ಮೇಸ್ತ್ರಿಯ ಮೇಲೆ ಸಿಟ್ಟು. ಅವರು ಸುಳ್ಳು ಹೇಳಿದ್ದಲ್ಲ, ನಾವು ಲೆಕ್ಕ ಕೇಳಿರಲಿಲ್ಲ ಅಷ್ಟೇ.

20 ಅಡಿಗೆ 30 ಅಡಿ, ಅಂದರೆ 600 ಚದರಡಿಯ ಶೆಡ್ ಇಟ್ಟುಕೊಂಡು ನೋಡೋಣ. ಇಲ್ಲಿ ಕೊಡುವ ರೇಟುಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮೂರಿನ ರೇಟು ನೀವೇ ವಿಚಾರಿಸಿ ಹಾಕಿಕೊಳ್ಳಿ.

ಮೊದಲು ಒಂದು ಅಂದಾಜು

ಹತ್ತಿರದಲ್ಲಿ ಯಾರಾದರೂ ಇಂಥದ್ದೇ ಶೆಡ್ ಕಟ್ಟಿದ್ದರೆ ಹೋಗಿ ನೋಡಿ. ಚದರಡಿಗೆ 700 ರೂಪಾಯಿ ಬಿತ್ತು ಅಂದರೆ ನಿಮ್ಮದಕ್ಕೆ 4,20,000. ಈ ಲೆಕ್ಕ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ಕೆಲಸಕ್ಕೆ ಕೈ ಹಾಕಬೇಕೋ ಬೇಡವೋ ಅಂತ ನಿರ್ಧರಿಸಲು ಸಾಕು. ಸಾಲ ಕೇಳಲು ಸಾಲದು. ಅವರು ಕಟ್ಟಿದ್ದು ಯಾವಾಗ ಅಂತಲೂ ಕೇಳಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಬಿಲ್ಲು ಸುಮ್ನೆ ದಾರಿ ತಪ್ಪಿಸುತ್ತದೆ.

ಆಮೇಲೆ ಕೆಲಸವನ್ನು ಬಿಡಿಸಿ

ಒಂದು ನೋಟ್‌ಬುಕ್ ತೆಗೆದುಕೊಂಡು ಕೆಲಸವನ್ನು ತುಂಡು ತುಂಡಾಗಿ ಬರೆಯಿರಿ. ಪಾಯ ಮತ್ತು ನೆಲ 1,30,000. ಕಂಬ, ಟ್ರಸ್ (ಶೀಟು ಕೂರಿಸುವ ಕಬ್ಬಿಣದ ಚೌಕಟ್ಟು), ಶೀಟು 2,80,000. ಕರೆಂಟಿಗೆ 25,000. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಇದರ ನಂತರದ್ದು.

ನಾನು ಕೊಟ್ಟಿಗೆ ಕಟ್ಟಿಸುವಾಗ ಜಂಬಿಟ್ಟಿಗೆಯ ರೇಟನ್ನು ಮೂರು ಕಡೆ ವಿಚಾರಿಸಿ, ಚೌಕಾಸಿ ಮಾಡಿ, ಕಲ್ಲಿಗೆ ಎರಡು ರೂಪಾಯಿ ಉಳಿಸಿ ಬೀಗಿದ್ದೆ. ಲೋಡು ಬಂತು. ಡ್ರೈವರ್ ಇಳಿದು ನಮ್ಮ ಮನೆ ದಾರಿಯ ಇಳುಕಲು ನೋಡಿದವನೇ ತಲೆ ಅಲ್ಲಾಡಿಸಿದ. ಇಳಿದರೆ ಲಾರಿ ಮತ್ತೆ ಹತ್ತುವುದಿಲ್ಲ ಅಂದ. ಕಲ್ಲು ಪೂರ್ತಿ ಡಾಂಬರು ರಸ್ತೆಯ ಪಕ್ಕದಲ್ಲೇ ಇಳಿಯಿತು. ಅಲ್ಲಿಂದ ಪಿಕಪ್ಪಿನಲ್ಲಿ ಎಂಟು ಟ್ರಿಪ್ಪು, ಎರಡೆರಡು ಸಲ ಹತ್ತಿಸುವ ಇಳಿಸುವ ಕೂಲಿ. ಉಳಿಸಿದ ಎರಡು ರೂಪಾಯಿ ಮೊದಲ ದಿನವೇ ಹೋಯಿತು. ಹಾಗಾಗಿ ಸಾಗಾಟ ಮತ್ತು ಇಳಿಸುವುದಕ್ಕೆ 30,000, ಆಳುಗಳ ಕಾಫಿ ತಿಂಡಿಗೆ 15,000 ಅಂತ ಬೇರೆಯೇ ಸಾಲು ಬರೆಯಿರಿ. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗಂತೂ ಇದನ್ನು ಹೇಳಿಕೊಡಬೇಕಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಅವರು ಸಾಮಾನಿನ ಗಾಡಿಯನ್ನು ಲಾಂಚಿನ ಮೇಲೆ ದಾಟಿಸುತ್ತಿದ್ದರು.

ಒಟ್ಟು 4,80,000 ಆಯಿತು. ಹತ್ತಿರದವರ ಶೆಡ್ ನೋಡಿ ಹಾಕಿದ ಮೊದಲ ಲೆಕ್ಕಕ್ಕಿಂತ 60,000 ಜಾಸ್ತಿ. ಯಾಕೆ ಅಂತ ಹುಡುಕಿ. ಅವರ ಜಾಗ ರಸ್ತೆ ಬದಿಯಲ್ಲಿದೆಯೇ? ನೆಲಕ್ಕೆ ಸಿಮೆಂಟು ಹಾಕಿಸಿಲ್ಲವೇ? ಉತ್ತರ ಸಿಕ್ಕರೆ ಲೆಕ್ಕ ಸರಿ ಇದೆ. ಸಿಗದಿದ್ದರೆ ಎಲ್ಲೋ ತಪ್ಪಿದೆ.

ಬಿಲ್ಲು ನೋಡುವಾಗ ಕೆಲಸಕ್ಕೆ ಬರುವ ಒಂದು ಸೂತ್ರ: ಕಬ್ಬಿಣದ ರಾಡಿನ ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ರಾಡು 12 ಮೀಟರ್ ಉದ್ದಕ್ಕೆ ಸುಮಾರು 10.7 ಕೆಜಿ. ರಾಡು ಎಣಿಸಿ, ತೂಕದ ಚೀಟಿಯ ಜೊತೆ ತಾಳೆ ನೋಡಿ.

ಒಂದಲ್ಲ, ಮೂರು ಅಂಕಿ ಕೇಳಿ

ಮೇಲೆ ಕಂಬ, ಟ್ರಸ್, ಶೀಟಿಗೆ 2,80,000 ಅಂತ ಬರೆದೆನಲ್ಲ, ಅದು ಬಂದದ್ದು ಹೀಗೆ. ವೆಲ್ಡಿಂಗಿನವರನ್ನು ಮೂರು ಪ್ರಶ್ನೆ ಕೇಳಿ. ಎಲ್ಲ ಸಲೀಸಾಗಿ ನಡೆದರೆ ಎಷ್ಟು? 2,40,000. ಸಾಮಾನ್ಯವಾಗಿ ಎಷ್ಟಾಗುತ್ತದೆ? 2,70,000. ಎಲ್ಲ ಕೈಕೊಟ್ಟರೆ? 3,60,000. ಮಧ್ಯದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. 2,80,000 ಬರುತ್ತದೆ. ಪರ್ಟ್ ಎನ್ನುವ ಈ ವಿಧಾನ 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ ಹುಟ್ಟಿದ್ದು. ಅಡಿಕೆ ಶೆಡ್ಡಿಗೂ ಆಗುತ್ತದೆ.

ಮೂರನೇ ಪ್ರಶ್ನೆಗೆ ಜನ ಬಾಯಿ ಬಿಡುವುದು ಕಷ್ಟ. ಬಿಟ್ಟರೆ ಮಾತ್ರ ನಿಜವಾದ ವಿಷಯ ಹೊರಗೆ ಬರುತ್ತದೆ: "ಮಳೆ ಹಿಡ್ಕೊಂಡ್ರೆ ವೆಲ್ಡಿಂಗ್ ಆಗಲ್ಲ, ಹುಡುಗ್ರನ್ನ ಸುಮ್ನೆ ಕೂರಿಸ್ಬೇಕು." ಮಲೆನಾಡಿನಲ್ಲಿ ಕ್ಯಾಲೆಂಡರೂ ಒಂದು ಖರ್ಚು. ಅಡಿಕೆಗೊನೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ, ಗಾರೆ ಕೆಲಸಕ್ಕೆ ಬರುವವರೂ ಅಡಿಕೆಗೆ ಹೋಗುತ್ತಾರೆ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರ ಮಳೆ. ಕೈಗೆ ಸಿಗುವುದು ಫೆಬ್ರುವರಿಯಿಂದ ಮೇ ತನಕ. ಮಾಡು ಮುಗಿಯದೆ ಮಳೆ ಹಿಡಿಯಿತು ಅಂದರೆ ಉಳಿದ ಸಿಮೆಂಟು ಚೀಲದಲ್ಲೇ ಕಲ್ಲಾಗುತ್ತದೆ.

ಕೈಕಾವಲಿಗೆ ಒಂದಿಷ್ಟು

ಒಟ್ಟು ಲೆಕ್ಕದ ಮೇಲೆ ನೂರಕ್ಕೆ ಹತ್ತರಂತೆ 48,000 ಬೇರೆ ಎತ್ತಿಡಿ. ಬಜೆಟ್ 5,28,000 ಆಯಿತು. ಈ 48,000ದ ಸುದ್ದಿ ಮೇಸ್ತ್ರಿಗೆ ಬೇಡ, ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು. ಬಣ್ಣದ ಶೀಟು ಚೆನ್ನಾಗಿದೆ ಅಂತ ಇದಕ್ಕೆ ಕೈ ಹಾಕಬೇಡಿ. ಹಣ ಯಾವ ತಿಂಗಳು ಬೇಕು ಅಂತಲೂ ಪಕ್ಕದಲ್ಲಿ ಬರೆದಿಡಿ. ಅಡಿಕೆ ಮಾರುವ ಮೊದಲೇ ಕಬ್ಬಿಣದ ಬಿಲ್ಲು ಬಂದರೆ ಬಡ್ಡಿಯೂ ಖರ್ಚೇ, ಅಲ್ವಾ?

ಕೆಲಸ ಶುರುವಾದ ಮೇಲೆ ವಾರಕ್ಕೊಮ್ಮೆ ಕೂತು ನೋಡಿ. ಎಷ್ಟು ಖರ್ಚಾಯಿತು ಅನ್ನುವುದಷ್ಟೇ ಸಾಲದು, ಅಷ್ಟಕ್ಕೆ ಎಷ್ಟು ಕೆಲಸ ಆಯಿತು ಅಂತ ನೋಡಬೇಕು. ಅರ್ಧ ಕೆಲಸ ಮುಗಿದಿದೆ ಅನ್ನಿ. ಲೆಕ್ಕದ ಪ್ರಕಾರ 2,40,000 ಆಗಬೇಕಿತ್ತು, ಆಗಿರುವುದು 2,88,000. ಇದೇ ಚಾಳಿ ಮುಂದುವರಿದರೆ ಕೊನೆಗೆ 5,76,000. ಅಂದರೆ ಎತ್ತಿಟ್ಟ ದುಡ್ಡು ಪೂರ್ತಿ ಹೋಗಿ, ಇನ್ನೂ ಅಷ್ಟೇ ಬೇಕು. ಇದು ಅರ್ಧದಲ್ಲೇ ಗೊತ್ತಾದರೆ ಮೇಸ್ತ್ರಿಯನ್ನು ಕೂರಿಸಿ ಯಾವುದನ್ನು ಬಿಡಬಹುದು ಅಂತ ಮಾತಾಡಬಹುದು. ಪಕ್ಕದ ಜಾಲರಿ ಬಿಡಿ, ನೆಲದ ಸಿಮೆಂಟನ್ನು ಮುಂದಿನ ವರ್ಷಕ್ಕೆ ಹಾಕಿ. ಶೀಟಿನ ದಪ್ಪಕ್ಕೆ ಮಾತ್ರ ಕೈ ಹಚ್ಚಬೇಡಿ. ಜುಲೈ ಗಾಳಿಗೆ ಅದು ತೋಟದಲ್ಲಿ ಸಿಗುತ್ತದೆ.